ಗಾಜಿನ ತಟ್ಟೆಯಲ್ಲಿ ವಾಸಿಯಾದ ಗಾಯ

ಬೇರಜ್ಜನ ಕಷಾಯ ಕಂಡರೆ ಸಾವು ಕೂಡ ಮೂಗು ಮುಚ್ಚಿಕೊಂಡು ಪಕ್ಕದ ಬೀದಿ ಹಿಡಿಯುತ್ತಿತ್ತು. ಹಾಗಂತ ಹೇಳುತ್ತಿದ್ದವನು ಬೇರಜ್ಜನೇ. ಮಾರುಕಟ್ಟೆಯ ಮೂಲೆಯಲ್ಲಿ ಗೋಣಿತಾಟು ಹಾಸಿ, ತೊಗಟೆ, ಬೇರು, ಒಣಗಿದ ಎಲೆ ಹರವಿಕೊಂಡು ಕೂತನೆಂದರೆ ಬಾಯಿಗೆ ಬೀಗವಿಲ್ಲ. ಚೆಲ್ಲಿದ ಕಷಾಯ ನೆಕ್ಕಿದ ಕುಂಟನಾಯಿಯೊಂದು ಊರು ಮೂರು ಸುತ್ತು ಓಡಿಬಂದು, ಇನ್ನೊಂದು ಕಾಲು ಸಿಗುತ್ತದಾ ಅಂತ ಕೇಳಿತ್ತಂತೆ.

ಮಗಳು ಆಸ್ಪತ್ರೆಯ ಲ್ಯಾಬಿನಲ್ಲಿ ಕ್ರಿಮಿ ಬೆಳೆಸಿ ಪರೀಕ್ಷೆ ಮಾಡುವವಳು. ಜನ ಕೋಳಿ ಸಾಕಿದರೆ ನನ್ನ ಮಗಳು ರೋಗ ಸಾಕುತ್ತಾಳೆ ಅಂತ ಗಿರಾಕಿಗಳ ಮುಂದೆ ಬೀಗುತ್ತಿದ್ದ.

ಅಂಥವನ ಅಂಗಾಲಿಗೆ ಮೊಳೆ ಚುಚ್ಚಿತು. ಎಲೆ ಅರೆದು ಕಟ್ಟಿದ; ಕೀವು ಬಗ್ಗಲಿಲ್ಲ. ಡಾಕ್ಟರು ಮಾತ್ರೆ ಕೊಟ್ಟರು. ನೋವು ಇಳಿದದ್ದೇ ತಡ, ಮಾತ್ರೆ ಎಸೆದು, ಗೆದ್ದ ಹೆಸರನ್ನು ಎಲೆಗೆ ಕೊಟ್ಟ. ಕೀವು ಮರಳಿತು. ಮತ್ತೆ ಮಾತ್ರೆ, ಮತ್ತೆ ಅರ್ಧಕ್ಕೇ ನಿಲ್ಲಿಸಿ ಎಲೆಗೆ ಜೈಕಾರ. ಮಗಳು ಬೈದಳು, ಬೇಡಿಕೊಂಡಳು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಅರೆಪೆಟ್ಟು ತಿಂದು ತಿಂದು ಗಾಯದ ಕ್ರಿಮಿ ಗರಡಿಯಲ್ಲಿ ಪಳಗಿದ ಪೈಲ್ವಾನನಾಯಿತು. ಕೊನೆಗೆ ಯಾವ ಇಂಜೆಕ್ಷನ್ನಿಗೂ ಜಗ್ಗದೆ ನಂಜು ರಕ್ತಕ್ಕಿಳಿಯಿತು. ಕಾಲು ತೆಗೆದರೂ ಇನ್ನು ಪ್ರಯೋಜನವಿಲ್ಲ ಅಂದರು.

ಮಗಳು ಆ ಕೀವನ್ನೇ ತಂದು ಗಾಜಿನ ತಟ್ಟೆಯಲ್ಲಿ ಬೆಳೆಸಿದಳು. ಅಪ್ಪ ಎಸೆದ ಮಾತ್ರೆಯ ಔಷಧಿಯನ್ನೇ ಇಟ್ಟಳು. ಕ್ರಿಮಿ ಅದನ್ನು ತುಳಿದುಕೊಂಡೇ ಬೆಳೆಯಿತು. ಅಪ್ಪನ ತೊಗಟೆಯ ಸಾರ ಇಟ್ಟಳು, ಕ್ಯಾರೇ ಅನ್ನಲಿಲ್ಲ. ಎರಡನ್ನೂ ಕೂಡಿಸಿಟ್ಟ ಜಾಗದಲ್ಲಿ ಮಾತ್ರ, ಮರುದಿನ ನೋಡಿದರೆ, ಕ್ರಿಮಿಯೆಲ್ಲ ಸತ್ತು, ಬಟ್ಟೆಯಲ್ಲಿ ಒರೆಸಿಟ್ಟಂಥ ದುಂಡನೆಯ ಬಯಲು. ಅವಳು ಸ್ಟೂಲಿನ ಮೇಲೆ ಕುಸಿದು ಅತ್ತಳು. ತಟ್ಟೆಗೆ ಲಿವರ್ ಇಲ್ಲ, ಕಿಡ್ನಿ ಇಲ್ಲ. ಅಷ್ಟು ಗಟ್ಟಿ ಸಾರ ರಕ್ತಕ್ಕೆ ಬಿಟ್ಟರೆ ಕ್ರಿಮಿಗಿಂತ ಮೊದಲು ಮನುಷ್ಯ ಹೋಗುತ್ತಾನೆ. ದೊಡ್ಡ ಡಾಕ್ಟರೂ ಅದನ್ನೇ ಹೇಳಿದರು.

ಹಾಸಿಗೆಯ ಪಕ್ಕ ಕೂತು ಎಲ್ಲವನ್ನೂ ಹೇಳಿದಳು. ಅಪ್ಪನ ಕಣ್ಣು ಅರಳಿತು.

"ಅರ್ಧ ಗೆದ್ದಿದ್ದು ನನ್ನ ತೊಗಟೆ ತಾನೆ?"

"ಹೌದಪ್ಪ."

"ಇನ್ನರ್ಧ ನಾನು ಎಸೆದ ಮಾತ್ರೆ."

ಜೀವಮಾನದಲ್ಲಿ ಅವನು ಉಪ್ಪುಖಾರ ಹಚ್ಚದೆ ಆಡಿದ ಮಾತು ಅದೊಂದೇ. ಮಗಳು ಅವನ ಕೈ ಹಿಡಿದುಕೊಂಡಳು.

"ಅದು ಮನುಷ್ಯರಿಗೆ ಕೊಡೋ ಔಷಧಿ ಆಗೋಕೆ ವರ್ಷಗಟ್ಟಲೆ ಬೇಕಪ್ಪ."

"ಆಗಲಿ ಬಿಡು ಮಗಳೇ, ನಂಗೇನು ಅವಸರ? ಅವಸರ ಇರೋದು ಆ ಕ್ರಿಮಿಗೆ. ನೀನೇ ಸಾಕಿದ್ದಲ್ವಾ, ಸ್ವಲ್ಪ ಕಾಯೋಕೆ ಹೇಳು."