ಹಬ್ಬಕ್ಕೆ ಮುಟ್ಟದೆ ಬಿಟ್ಟ ಮಷಿನ್

ಎರಡು ವರ್ಷದ ಹಿಂದೆ, ನನ್ನ ನೌಕರಿಯ ಕೊನೆಯ ದಸರೆಗೆ, ನಾನು ಸಕಲೇಶಪುರದ ಒಂದು ಹಾಡು ಸಂಗ್ರಹ ಕೇಂದ್ರದಲ್ಲಿ ಅಟೆಂಡರ್ ಆಗಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ಮೊಮ್ಮಗಳು ಕಾವ್ಯಾಗೆ ಮೊನ್ನೆ ಹಾಸನದಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಕೇರಿಗೆಲ್ಲ ಸಕ್ಕರೆ ಹಂಚಿದೆ, ಕಾಲು ನೆಲದ ಮೇಲೇ ನಿಲ್ಲುತ್ತಿಲ್ಲ. ಅವಳ ಹಟಕ್ಕೇ ಇದನ್ನು ಬರೆಯುತ್ತಿದ್ದೇನೆ.

ಊರೂರಿನ ಮುದುಕಿಯರ ಸೋಬಾನೆ ಪದಗಳನ್ನು ವಿಡಿಯೊ ಮಾಡಿ ಕಂಪ್ಯೂಟರಿಗೆ ತುಂಬುವುದು ಕೇಂದ್ರದ ಕೆಲಸ. ಒಂದು ದೊಡ್ಡ ಮಷಿನ್ನಿನೊಳಗೆ ಸಾಫ್ಟ್‌ವೇರಿನಿಂದಲೇ ಮಾಡಿದ ಹಲವು ಕಂಪ್ಯೂಟರುಗಳು; ಅವಕ್ಕೆ ವರ್ಚುವಲ್ ಮಷಿನ್ ಅನ್ನುತ್ತಿದ್ದರು. ಹಬ್ಬದ ಹತ್ತಿರ ಎಂಜಿನಿಯರ್ ಗಿರೀಶ ಹೊಸ ಸಾಫ್ಟ್‌ವೇರ್ ಹಾಕಲು ಬಂದ.

"ಈಗ ಮಷಿನ್ ಹೆಂಗೈತೋ ಹಂಗೇ ಗುರುತು ಹಿಡಿದಿಟ್ಟಿವ್ನಿ ಅಮ್ಮಾ, ಅದೇ ಸ್ನ್ಯಾಪ್‌ಶಾಟು. ಇನ್ಮೇಲೆ ತುಂಬಿದ್ದೆಲ್ಲ ಬೇರೆ ಫೈಲಿಗೆ ಹೋಯ್ತದೆ, ಅದು ಊದ್ಕೊಂತಾನೇ ಇರ್ತದೆ," ಎಂದ. ಆಮೇಲೆ ಮ್ಯಾನೇಜರ್ ರುದ್ರಪ್ಪನವರಿಗೆ, "ಸಾರ್, ಜಾಗ ಕಮ್ಮಿ ಐತೆ. ಹಬ್ಬದೊಳಗೆ ಸ್ನ್ಯಾಪ್‌ಶಾಟ್ ತೆಗೆದ್ ಹಾಕ್ಸಿಬುಡಿ, ತುಂಬಿದ್ದೆಲ್ಲ ಮೂಲ ಫೈಲಿಗೇ ಸೇರ್ಕೊಂತದೆ," ಎಂದು ಹೇಳಿ ಹೋದ.

ಅದಾದ ಮೇಲೆ ಮಗ್ಗೆಯಿಂದ ನಮ್ಮಕ್ಕ ಪುಟ್ಟಮ್ಮ ಬಂದು ಹಾಡಿದಳು. ಮೈಕ್ ನೋಡಿ, "ಈ ಕಡ್ಡಿಗೆ ಹಾಡಿದ್ರೆ ಎಲೆ ಅಡಿಕೆ ಕೊಡ್ತೈತೇನೋ ಮಾರಾಯ?" ಎಂದು ಎಲ್ಲರನ್ನೂ ನಗಿಸಿದಳು. ಕೆಮ್ಮುತ್ತ ಕೆಮ್ಮುತ್ತಲೇ ಸಂಜೆವರೆಗೂ ಹಾಡಿದಳು. ಅವಳ ಹಾಡು ಕಂಪ್ಯೂಟರಿಗೆ ಸೇರಿತು. ಕ್ಯಾಮೆರಾದ ಕಾರ್ಡು ಅಳಿಸಿ ಮುಂದಿನ ಊರಿಗೆ ಒಯ್ದರು.

ಆಯುಧಪೂಜೆ ಬಂತು, ಸ್ನ್ಯಾಪ್‌ಶಾಟ್ ಇನ್ನೂ ಹಾಗೇ ಇತ್ತು. ಸರ್ವರಿಗೆ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿದೆವು. ಮೊದಲೇ ಶುರು ಮಾಡಿಟ್ಟಿದ್ದ ವಿಡಿಯೊ ತುಂಬುವ ಕೆಲಸ ಒಳಗೆ ನಡೆದೇ ಇತ್ತು. ಪರದೆಯ ಮೇಲೆ ಕೆಂಪು ಅಕ್ಷರ ಮೂಡಿದ್ದು ಕಂಡು, "ಸಾರ್, ಏನೋ ಕೆಂಪಗೆ ಬತ್ತಾ ಐತೆ," ಎಂದೆ.

"ಪೂಜೆಗಿಟ್ಟ ಮೇಲೆ ಯಾರೂ ಮುಟ್ಟಂಗಿಲ್ಲ ಕಣಮ್ಮ. ನಾಳೆ ಮರುಪೂಜೆ ಆಗ್ಲಿ," ಎಂದರು ರುದ್ರಪ್ಪನವರು.

ನಮ್ಮ ಕಡೆ ಪೂಜೆಗಿಟ್ಟ ಕುಡುಗೋಲನ್ನೂ ಮುಟ್ಟುವುದಿಲ್ಲ. ಆದರೆ ಕುಡುಗೋಲು ಸುಮ್ಮನೆ ಮಲಗಿರುತ್ತದೆ, ಈ ಮಷಿನ್ ಮಲಗಿರಲಿಲ್ಲ. ಮರುಪೂಜೆಗೆ ಬಾಗಿಲು ತೆಗೆದಾಗ ಜಾಗವೆಲ್ಲ ತುಂಬಿ ಅದು ನಿಂತೇ ಹೋಗಿತ್ತು. ರುದ್ರಪ್ಪನವರು ಗಾಬರಿಯಲ್ಲಿ, ಹಳೆಯ ಸ್ಥಿತಿಗೆ ಮರಳಿಸುವ ರಿವರ್ಟ್ ಒತ್ತಿದರು. ಮಷಿನ್ ಎದ್ದಿತು. ಅವರು ಕೈಮುಗಿದರು. ಫೋನಿನಲ್ಲಿ ಗಿರೀಶ ಕೂಗಿದ: "ಅಯ್ಯೋ, ಅದ್ಯಾಕ್ ಒತ್‌ಬುಟ್ರಿ ಸಾರ್! ಸ್ನ್ಯಾಪ್‌ಶಾಟ್ ಆದ್ಮೇಲೆ ತುಂಬಿದ್ದೆಲ್ಲ ಹೋಗ್ಬುಡ್ತಲ್ಲ!"

ಹಾಗೆ ಹಾಡು ಕಳೆದುಹೋದ ಬೇರೆ ಊರಿನವರನ್ನು ಕರೆಸಿ ಮತ್ತೆ ಹಾಡಿಸಿದರು. ನಮ್ಮಕ್ಕ ಅಷ್ಟರಲ್ಲಿ ಹಾಸಿಗೆ ಹಿಡಿದಿದ್ದಳು, ಕಾರ್ತಿಕ ಕಳೆಯುವುದರೊಳಗೆ ತೀರಿಕೊಂಡಳು. ರುದ್ರಪ್ಪನವರು ಮಣ್ಣಿಗೆ ಬಂದು ದೂರ ನಿಂತು ಅತ್ತರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಸ್ನ್ಯಾಪ್‌ಶಾಟ್ ಹಿಡಿಯುವಾಗಲೇ ಅದು ಎಷ್ಟು ಬೆಳೆದೀತು, ಯಾವತ್ತು ತೆಗೆದುಹಾಕಬೇಕು ಎಂದು ಲೆಕ್ಕ ಹಾಕಿ ಜಾಗ ಬಿಡಬೇಕು. ಆ ದಿನ ಹಬ್ಬವಿದ್ದರೂ ತೆಗೆಯಬೇಕು. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಇದನ್ನು ಕಾವ್ಯಾಗೂ ಹೇಳಿದೆ.

"ಹೋಗ್ಲಿ ಬುಡಜ್ಜಿ, ದೊಡ್ಡಜ್ಜಿ ಪದಾನ ನೀನೇ ಹೇಳು, ನಾ ತುಂಬ್ಕೊತೀನಿ," ಎಂದು ಅವಳು ಫೋನ್ ಹಿಡಿದಳು.

ಸೋಬಾನೆಯಲ್ಲಿ ಒಬ್ಬರು ಸಾಲು ಎತ್ತಿಕೊಡಬೇಕು, ಇನ್ನೊಬ್ಬರು ಅದನ್ನು ಹಿಂದೆ ಹೇಳಬೇಕು. ಜೀವಮಾನವೆಲ್ಲ ನಾನು ಅಕ್ಕನ ಹಿಂದೆ ಹೇಳಿದವಳು. ಬಾಯಿ ತೆರೆದು ಕೂತೆ. ಎತ್ತಿಕೊಡುವವರು ಯಾರೂ ಇರಲಿಲ್ಲ.