ಅನುಮಾನ ಇರುವವರ ಹೆಸರು

ನನ್ನ ಬಗ್ಗೆ ಬರೆದದ್ದನ್ನು ಇಡೀ ಕಾಲೇಜು ಓದಿ, ನಕ್ಕು, ಒಬ್ಬರಿಗೊಬ್ಬರು ಕಳಿಸಿಕೊಂಡು ಮುಗಿದ ಮೇಲೆ ನನಗೆ ಗೊತ್ತಾಯಿತು. ಅದೂ ಯಾರೋ ಕನಿಕರಪಟ್ಟು ಹೇಳಿದ್ದರಿಂದಲ್ಲ. ಪ್ರಾಕ್ಟಿಕಲ್ ಪರೀಕ್ಷಕರ ಪಟ್ಟಿಯಲ್ಲಿ ನನ್ನ ಹೆಸರು ಇಲ್ಲದ್ದನ್ನು ನೋಡಿ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಅವರು ಕಿಟಕಿಯ ಕಡೆ ಮುಖ ಮಾಡಿ, "ಸ್ವಲ್ಪ ದಿನ ಬೇಡ ಮೇಡಂ, ಪೇರೆಂಟ್ಸ್ ಫೋನ್ ಮಾಡ್ತಿದ್ದಾರೆ" ಅಂದರು. ಯಾತಕ್ಕೆ ಎಂದು ಕೇಳಿದೆ. ತಮ್ಮ ಮೊಬೈಲನ್ನು ನನ್ನ ಕಡೆ ತಿರುಗಿಸಿ ಮೇಜಿನ ಮೇಲಿಟ್ಟರು. ನಾನು ಓದಿ ಮುಗಿಸುವಷ್ಟು ಹೊತ್ತೂ ಒಂದು ಫೈಲಿನಲ್ಲಿ ಏನನ್ನೋ ಹುಡುಕುತ್ತಿದ್ದರು.

ಅದು ಎರಡು ಸಾವಿರದ ಹದಿನಾಲ್ಕರ ಮಾತು. ಯಲಹಂಕದಾಚೆಯ ಒಂದು ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದೆ. ಬಾಗಲಕೋಟೆ ಕಡೆಯವಳು, ಮದುವೆಯಾಗದವಳು, ಸಹಕಾರನಗರದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇರುವವಳು. ಬರೆಯುವವರಿಗೆ ಇಷ್ಟು ಸಾಕಾಗಿತ್ತು. ಇಂಟರ್ನೆಟ್‌ನಲ್ಲಿ ತೆರೆದಿದ್ದ ಪೇಜಿನ ಹೆಸರೇ 'ರೊಟ್ಟಿ ಮೇಡಂ'. ಹುಡುಗರಿಗೆ ಇಂಟರ್ನಲ್ ಮಾರ್ಕ್ಸ್ ಬೇಕಿದ್ದರೆ ಮೇಡಂ ಮನೆಗೆ ಹೋಗಬೇಕಂತೆ. ಭಾನುವಾರ ಬ್ಯಾಗು ಹಿಡಿದು ಬಂದ ಗಂಡಸು ಬುಧವಾರ ಹೋದನಂತೆ. ಬಂದವನು ನನ್ನ ಸ್ವಂತ ಅಣ್ಣ, ಕಣ್ಣಿನ ಪೊರೆ ತೆಗೆಸಲು ಬಂದಿದ್ದ. ಬೆಳಿಗ್ಗೆ ಐದೂವರೆಗೇ ಶುರುವಾಗುವ ರೊಟ್ಟಿ ತಟ್ಟುವ ಸದ್ದಿನಿಂದ ಹಿಡಿದು ನನ್ನ ಮಾತಿನ ಧಾಟಿಯವರೆಗೆ ಎಲ್ಲವನ್ನೂ ಅಣಕಿಸಿದ್ದರು. ಕೆಳಗೆ ಸಾಲಾಗಿ ನಗುವ ಮುಖಗಳು. ನಗುವವರಲ್ಲಿ, ಪಾಸಾಗಲಿ ಎಂದು ನಾನು ತರಗತಿ ಮುಗಿದ ಮೇಲೂ ಕೂರಿಸಿಕೊಂಡು ಹೇಳಿಕೊಟ್ಟ ಮಕ್ಕಳ ಹೆಸರುಗಳೂ ಇದ್ದವು.

ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಬರುವ ಜೂನ್‌ನಲ್ಲಿ ನಾನು ವಿಭಾಗದ ಮುಖ್ಯಸ್ಥೆಯಾಗಬೇಕಿತ್ತು. ಅದು ಹೋದರೆ ಹೋಗಲಿ, ಲ್ಯಾಬಿನಲ್ಲಿ ಹುಡುಗರ ಮುಂದೆ ನಿಂತು ಬ್ಯುರೆಟ್ ಹಿಡಿಯುವುದು ಹೇಗೆ ಎಂದು ತೋರಿಸುವ ಮುಖವನ್ನೇ ಕಿತ್ತುಕೊಂಡಿದ್ದರು. ಪ್ರಿನ್ಸಿಪಾಲರು ಬಾಗಿಲ ತನಕ ಬಂದು ಹೇಳಿದರು: "ಒಂದು ಕಂಪ್ಲೇಂಟಾದ್ರೂ ಕೊಡಿ ಮೇಡಂ. ಸುಮ್ನೆ ಕೂತ್ರೆ ನಿಜ ಅಂದ್ಕೋತಾರೆ."

ಕೊಟ್ಟೆ. ಕೊಡುವುದಕ್ಕೆ ಮೂರು ಸಲ ಓಡಾಡಿದೆ. ಮೊದಲ ದಿನ ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರ್ ನನ್ನ ಪ್ರಿಂಟೌಟುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದ. ಬೈಕ್ ಕಳೆದುಕೊಂಡವರು, ಪಾಸ್‌ಪೋರ್ಟ್ ವಿಚಾರಣೆಗೆ ಬಂದವರು ಎಲ್ಲರೂ ಕೇಳಿಸಿಕೊಂಡರು. ಪೂರ್ತಿ ಓದಿದ ಮೇಲೆ, ಇದು ನಮಗೆ ಬರಲ್ಲ, ಸೈಬರ್ ಠಾಣೆಗೆ ಹೋಗಿ ಅಂದ. ಸೈಬರ್ ಠಾಣೆಯವರು ನಿಮ್ಮ ಏರಿಯಾದ ಠಾಣೆಯಲ್ಲೇ ಕೊಡಬಹುದು ಅಂದರು. ಮೂರನೆಯ ಸಲ ಇನ್‌ಸ್ಪೆಕ್ಟರೇ ಸಿಕ್ಕರು. ಕೂರಿಸಿದರು, ಟೀ ತರಿಸಿದರು. ಒಳ್ಳೆಯ ಮನುಷ್ಯ ಎಂದುಕೊಂಡೆ. ದೂರನ್ನು ಓದಿ, ಪೆನ್ನಿನ ತುದಿಯಿಂದ ಕೊನೆಯ ಸಾಲು ತಟ್ಟಿದರು.

"ಮೇಡಂ, ಅಪರಿಚಿತ ವ್ಯಕ್ತಿ ಅಂತ ಬರೆದಿದ್ದೀರ. ಅಪರಿಚಿತರನ್ನ ನಾವೆಲ್ಲಿ ಹುಡ್ಕೋದು? ಯಾರ ಮೇಲಾದ್ರೂ ಅನುಮಾನ ಇದ್ರೆ ಬರೀರಿ. ಒಂದು ಹೆಸರಿದ್ರೆ ಫೈಲು ಮುಂದಕ್ಕೆ ಹೋಗತ್ತೆ. ಇಲ್ದಿದ್ರೆ ಇಲ್ಲೇ ಮಲಗತ್ತೆ."

"ಗೊತ್ತಿಲ್ದ ಹ್ಯಾಂಗ ಬರೀಲ್ರೀ?"

"ಅನುಮಾನ ಅಷ್ಟೇ ಮೇಡಂ. ಆರೋಪ ಅಲ್ವಲ್ಲ."

ಅನುಮಾನಕ್ಕೇನು ಬರವೇ? ನಮ್ಮ ವಿಭಾಗದಲ್ಲಿ ನನಗಿಂತ ಎರಡು ವರ್ಷ ಮೊದಲು ಸೇರಿದ ಒಬ್ಬ ಮೇಷ್ಟ್ರಿದ್ದರು. ಮುಖ್ಯಸ್ಥನ ಕುರ್ಚಿ ತಮಗೆ ಬರಬೇಕಿತ್ತು ಎಂದು ಅವರಿಗೆ ಅನಿಸಿದ್ದರೆ ತಪ್ಪೇನಿಲ್ಲ. ಪಿಎಚ್‌ಡಿ ನನಗಿತ್ತು, ಅವರಿಗಿರಲಿಲ್ಲ. ಒಮ್ಮೆ ಸ್ಟಾಫ್ ರೂಮಿನಲ್ಲಿ ನಾನು ಡಬ್ಬಿ ತೆರೆದಾಗ, "ಬಂತಪ್ಪಾ ಜೋಳದ ರೊಟ್ಟಿ, ಇನ್ನು ನಮ್ಮ ಚಿತ್ರಾನ್ನ ಯಾರು ಕೇಳ್ತಾರೆ" ಎಂದು ತಮಾಷೆ ಮಾಡಿದ್ದರು. ಪೇಜಿನ ಹೆಸರು 'ರೊಟ್ಟಿ ಮೇಡಂ'. ಎರಡನ್ನೂ ಸೇರಿಸಿ ಲೆಕ್ಕ ಮುಗಿಸಿಬಿಟ್ಟೆ. ಅವತ್ತು ಆ ಚಿತ್ರಾನ್ನದಲ್ಲಿ ಅರ್ಧ ನಾನೇ ತಿಂದಿದ್ದೆ, ಅದು ನೆನಪಾಗಲಿಲ್ಲ. ಅವರ ಹೆಸರು, ಹುದ್ದೆ, ವಿದ್ಯಾರಣ್ಯಪುರದ ವಿಳಾಸ ಎಲ್ಲವನ್ನೂ ದುಂಡಗೆ ಬರೆದು ಕೆಳಗೆ ಸಹಿ ಹಾಕಿದೆ. ಬರೆಯುವಾಗ ಹಾಯೆನಿಸಿತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಒಂದು ವಾರದಲ್ಲಿ ಇಬ್ಬರು ಪೊಲೀಸರು ಸಮವಸ್ತ್ರದಲ್ಲೇ ಕಾಲೇಜಿಗೆ ಬಂದರು. ಮೇಷ್ಟ್ರು ಎರಡನೆಯ ವರ್ಷದವರಿಗೆ ಪಾಠ ಮಾಡುತ್ತಿದ್ದರು. ಸೀಮೆಸುಣ್ಣದ ಕೈಯಲ್ಲೇ ಹೊರಗೆ ಬಂದರು. ಪೊಲೀಸರು ಕಾರಿಡಾರಿನಲ್ಲೇ ವಿಷಯ ಹೇಳಿ ಫೋನು ಇಸಿದುಕೊಂಡರು. ನಾನು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದೆ. ಅವರು ನನ್ನನ್ನು ನೋಡಿ, "ಮೇಡಂ, ನಾನಾ?" ಎಂದಷ್ಟೇ ಕೇಳಿದರು. ಎಂಥ ನಾಟಕ ಎಂದುಕೊಂಡೆ. ತರಗತಿಯ ಹುಡುಗರು ಕಿಟಕಿಗೆ ಅಂಟಿಕೊಂಡಿದ್ದರು.

ನಾಲ್ಕು ತಿಂಗಳಾದ ಮೇಲೆ ಇನ್‌ಸ್ಪೆಕ್ಟರ್ ಕರೆಸಿದರು. ಈ ಸಲ ಟೀ ಇರಲಿಲ್ಲ. ಆ ಬರಹಗಳು ಯಾವ ಇಂಟರ್ನೆಟ್ ಕನೆಕ್ಷನ್‌ನಿಂದ ಹೋಗಿವೆ ಎಂಬ ವರದಿ ಬಂದಿತ್ತು.

"ಕನೆಕ್ಷನ್ ಸಿಕ್ತು ಮೇಡಂ. ಯಾರ ಹೆಸರಲ್ಲಿದೆ ಹೇಳಿ ನೋಡೋಣ."

ನಾನು ಮೇಷ್ಟ್ರ ಹೆಸರು ಹೇಳಿದೆ. ಅವರು ಹಾಳೆಯನ್ನು ನನ್ನ ಮುಂದಿಟ್ಟರು. ಅದರಲ್ಲಿದ್ದದ್ದು ನನ್ನ ಹೆಸರು, ನನ್ನ ಮನೆಯ ವಿಳಾಸ.

"ಇದು ಹ್ಯಾಂಗ ಸಾಧ್ಯ ಐತ್ರೀ?" ಎಂದೆ.

"ನಾನೂ ಅದನ್ನೇ ಕೇಳ್ತಿದ್ದೀನಿ. ನಿಮ್ಮನೇಲಿ ಬೇರೆ ಯಾರ್ಯಾರು ಇರ್ತಾರೆ? ಯಾರ್ಯಾರು ಬಂದು ಹೋಗ್ತಾರೆ?"

ಪೇಜಿನಲ್ಲಿ ಬರೆದವರು ಕೇಳಿದ್ದೂ ಇದೇ ಪ್ರಶ್ನೆಯನ್ನು.

ಆಮೇಲೆ ಹೊಳೆಯಿತು. ಹೊಳೆದಾಗ ನಾಚಿಕೆಯಾಯಿತು. ನಾನು ಆ ಮನೆಗೆ ಬಂದು ಹಾಲುಕ್ಕಿಸಿದ ದಿನ ಕೆಳಗಿನಿಂದ ಓನರ್ ಆಂಟಿ ಅರಿಶಿನ ಕುಂಕುಮ ತಂದಿದ್ದರು. ಅವರದು ಕೊಡಿಗೇಹಳ್ಳಿಯ ಹಳೆಯ ಮನೆತನ, ಲೇಔಟ್ ಆಗುವ ಮೊದಲು ಅಲ್ಲೆಲ್ಲ ಅವರು ರಾಗಿ ಬೆಳೆಯುತ್ತಿದ್ದರಂತೆ. ಆಗಷ್ಟೇ ಹುಡುಗರು ಬಂದು ಇಂಟರ್ನೆಟ್ ಹಾಕಿ ಹೋಗಿದ್ದರು. "ನಮ್ ಐಕ್ಳಿಗೂ ಒಸಿ ನೆಟ್ಟು ಬರಂಗೆ ಮಾಡ್ಕೊಡವ್ವ" ಅಂದರು. ಬೀಗದ ಇನ್ನೊಂದು ಕೈ ಅವರ ಹತ್ತಿರ ಇತ್ತು, ನನ್ನ ಗ್ಯಾಸ್ ಸಿಲಿಂಡರ್ ಬಂದರೆ ಅವರೇ ಇಳಿಸಿಕೊಳ್ಳುತ್ತಿದ್ದರು, ಅವರೆಕಾಳು ಸಾರು ಮಾಡಿದ ದಿನ ಒಂದು ಬಟ್ಟಲು ಮೇಲೆ ಬರುತ್ತಿತ್ತು. ಇಷ್ಟೆಲ್ಲ ಇರುವಾಗ ಪಾಸ್‌ವರ್ಡ್ ಕೊಡಲಾರೆ ಎನ್ನಲು ಬಾಯಿ ಬರುತ್ತದೆಯೇ? ಕ್ಯಾಲೆಂಡರಿನ ಹಿಂಬದಿ ಹರಿದು ಬರೆದುಕೊಟ್ಟೆ.

ಕೆಳಗೆ ಆಂಟಿ, ಅವರ ಯಜಮಾನರು, ಇಬ್ಬರು ಗಂಡುಮಕ್ಕಳು, ಒಬ್ಬ ಸೊಸೆ. ಐದು ಜನ, ಐದು ಫೋನು. ಬೆಳಿಗ್ಗೆ ಐದೂವರೆಗೆ ನನ್ನ ರೊಟ್ಟಿ ತಟ್ಟುವ ಸದ್ದು ಯಾರ ತಲೆಯ ಮೇಲೆ ಕೇಳುತ್ತದೆ? ವಿದ್ಯಾರಣ್ಯಪುರದ ಮೇಷ್ಟ್ರಿಗಂತೂ ಅಲ್ಲ. ಅದು ಮೊದಲ ದಿನವೇ ನನ್ನ ಕಣ್ಣೆದುರಿಗಿತ್ತು. ಹದಿನೈದು ವರ್ಷ ಹುಡುಗರಿಗೆ, ಕಂಡದ್ದನ್ನು ಮೊದಲು ಬರೆಯಿರಿ, ಉತ್ತರ ಆಮೇಲೆ ಎಂದು ಹೇಳಿಕೊಟ್ಟವಳು ನಾನು. ಸಿಟ್ಟು ಬಂದಾಗ ಉತ್ತರವನ್ನೇ ಮೊದಲು ಬರೆದುಬಿಟ್ಟೆ.

ಪೊಲೀಸರು ಕೆಳಗಿನ ಮನೆಗೆ ಬಂದರು. ಸೊಸೆ ಬಾಗಿಲ ಹಿಂದೆ ನಿಂತಿದ್ದಳು. ಯಜಮಾನರು ಪೇಪರಿನಿಂದ ತಲೆ ಎತ್ತಲಿಲ್ಲ. ಒಬ್ಬ ಮಗನ ಫೋನು ನೀರಿಗೆ ಬಿದ್ದಿತ್ತು, ಇನ್ನೊಬ್ಬನದು ಬಸ್ಸಿನಲ್ಲಿ ಹೋಗಿತ್ತು. ಉಳಿದ ಮೂರರಲ್ಲಿ ಏನೂ ಇರಲಿಲ್ಲ. ಪೊಲೀಸರು ಹೋದ ಮೇಲೆ ಆಂಟಿ ಮೆಟ್ಟಿಲ ಕೆಳಗೆ ನಿಂತು ಕೇಳಿದರು: "ಏನವ್ವ, ಇಂಗ್ ಮಾಡ್ಬುಟ್ಟೆ? ಮಗಳಂಗೆ ನೋಡ್ಕಂಡಿದ್ನಲ್ಲ ನಿನ್ನ. ನಮ್ಮನೇಲಿ ಅಂತಾವ್ರು ಯಾರೂ ಇಲ್ಲ ಕಣವ್ವ." ಅವರ ಕಣ್ಣಲ್ಲಿ ನಿಜವಾದ ನೀರಿತ್ತು. ಅವರಿಗೆ ಗೊತ್ತಿತ್ತೋ ಇಲ್ಲವೋ ಇವತ್ತಿಗೂ ಹೇಳಲಾರೆ. ಅವರೇ ಬರೆದಿರಲಾರರು ಎಂದೂ ಎದೆ ಮುಟ್ಟಿ ಹೇಳಲಾರೆ. ಆ ತಿಂಗಳ ಕೊನೆಗೆ ಮನೆ ಖಾಲಿ ಮಾಡಿಸಿದರು. ಐದರಲ್ಲಿ ಯಾವ ಕೈ ಎಂದು ಪೊಲೀಸರಿಗೆ ಕೊನೆಗೂ ತಿಳಿಯಲಿಲ್ಲ. ಕೋರ್ಟಿಗೆ 'ಸಿ ರಿಪೋರ್ಟ್' ಹಾಕಿದರು. ಅಪರಾಧ ನಡೆದದ್ದು ನಿಜ, ಮಾಡಿದವರು ಪತ್ತೆಯಾಗಿಲ್ಲ ಎಂದು ಅದರರ್ಥ. ಬಿಡಬಾರದು, ಮತ್ತೆ ತನಿಖೆಯಾಗಲಿ ಎಂದು ನಾನು ವಕೀಲರನ್ನು ಹಿಡಿದು ತಕರಾರು ಅರ್ಜಿ ಹಾಕಿಸಿದೆ.

ಆ ವರದಿಯ ಒಂದು ಪ್ರತಿಯನ್ನು ನಾನೇ ಹೆಮ್ಮೆಯಿಂದ ಪ್ರಿನ್ಸಿಪಾಲರಿಗೆ ಕೊಟ್ಟಿದ್ದೆ, ಅಪರಾಧ ನಡೆದದ್ದು ನಿಜ ಎಂದು ಬರೆದಿದ್ದಾರಲ್ಲ ಎಂಬ ಧೈರ್ಯದ ಮೇಲೆ. ಅದು ಸ್ಟಾಫ್ ರೂಮಿಗೆ ಬರಲು ಒಂದು ದಿನವೂ ಬೇಕಾಗಲಿಲ್ಲ. ಬಂದ ಮೇಲೆ ಕಾಲೇಜು ತನ್ನದೇ ತೀರ್ಪು ಬರೆಯಿತು. ಮೇಡಂ ಅನುಮಾನಪಟ್ಟದ್ದು ಮೇಷ್ಟ್ರ ಮೇಲೆ. ಬರೆದದ್ದು ಮೇಡಂ ಮನೆಯ ಇಂಟರ್ನೆಟ್‌ನಿಂದ. ಹಾಗಾದರೆ ಮೇಷ್ಟ್ರು ಮೇಡಂ ಮನೆಗೆ ಹೋಗಿ ಬರುತ್ತಿದ್ದರು. ಏನೋ ಜಗಳವಾಗಿರಬೇಕು, ಅದಕ್ಕೇ ಇದೆಲ್ಲ. ಪೇಜಿನಲ್ಲಿ ಹೆಸರಿಲ್ಲದ ಗಂಡಸಿದ್ದ. ಈಗ ಅವನಿಗೊಂದು ಹೆಸರು ಸಿಕ್ಕಿತು. ಒದಗಿಸಿದವಳು ನಾನು.

ಒಂದು ಮಧ್ಯಾಹ್ನ ಮೇಷ್ಟ್ರು ಲ್ಯಾಬಿಗೆ ಬಂದರು. ಪೊಲೀಸರು ಬಂದು ಹೋದಂದಿನಿಂದ ನಮ್ಮಿಬ್ಬರಿಗೆ ಮಾತಿರಲಿಲ್ಲ. ಬಾಗಿಲನ್ನು ಪೂರ್ತಿ ತೆರೆದಿಟ್ಟು, ಹೊಸ್ತಿಲ ಹೊರಗೇ ನಿಂತರು.

"ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ ಅಂದ್ರೆ ಸುಳ್ಳಾಗತ್ತೆ ಮೇಡಂ. ಅದಿರ್ಲಿ. ಎರಡೇ ಸಾಲು ಬರ್ಕೊಡಿ. ಈ ಪೇಜಿಗೂ ನನಗೂ ಸಂಬಂಧ ಇಲ್ಲ, ನಾನು ನಿಮ್ಮ ಮನೆಗೆ ಒಂದ್ಸಲಾನೂ ಬಂದಿಲ್ಲ ಅಂತ. ನಮ್ಮನೆಯವರು ನನ್ನ ಹತ್ರ ಮಾತು ಬಿಟ್ಟು ಒಂದು ತಿಂಗ್ಳಾಯ್ತು. ಮಗಳು ಊಟಕ್ಕೆ ಕರೆಯೋಕೂ ಬರಲ್ಲ. ಅವರಿಗೆ ತೋರಿಸ್ಬೇಕು, ಅಷ್ಟೇ."

ಬರೆದುಕೊಡುತ್ತೇನೆ ಎಂದೆ. ಅವರ ಮುಖ ಅರಳಿದ್ದನ್ನು ನೋಡಿದೆ. ಸಂಜೆ ವಕೀಲರಿಗೆ ಫೋನು ಮಾಡಿ ಹೇಳಿದೆ, ಹೇಳದೆ ಇದ್ದಿದ್ದರೆ ಚೆನ್ನಾಗಿತ್ತು. ಅವರು ಕೂಗಾಡಿದರು. "ಹುಚ್ಚಾ ಮೇಡಂ ನಿಮಗೆ? ಆಧಾರ ಇಲ್ದೆ ಹೆಸರು ಕೊಟ್ಟೆ ಅಂತ ನಿಮ್ಮ ಕೈಯಾರೆ ಬರ್ಕೊಟ್ಟ ಹಾಗಾಗತ್ತೆ. ನಾಳೆ ಆ ಮನುಷ್ಯ ಅದನ್ನೇ ಹಿಡ್ಕೊಂಡು ನಿಮ್ಮ ಮೇಲೆ ಮಾನನಷ್ಟ ಕೇಸು ಹಾಕ್ತಾನೆ. ಏನೂ ಬರೀಬೇಡಿ."

ಮಾರನೆಯ ದಿನ ಮೇಷ್ಟ್ರು ಅದೇ ಹೊತ್ತಿಗೆ ಬಂದರು. ಈ ಸಲ ಅವರೇ ಒಂದು ಬಿಳಿ ಹಾಳೆ ತಂದಿದ್ದರು.

"ವಕೀಲ್ರು ಬ್ಯಾಡ ಅಂದಾರ್ರೀ ಸರ್" ಎಂದೆ.

ಅವರು ಜಗಳವಾಡಬಹುದು ಎಂದುಕೊಂಡಿದ್ದೆ. ಆಡಿದ್ದರೆ ಬದುಕಿಕೊಳ್ಳುತ್ತಿದ್ದೆ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, "ಆಯ್ತು ಬಿಡಿ ಮೇಡಂ" ಎಂದು ಹೊರಟುಹೋದರು. ಎರಡು ಸಾಲು. ದಿನಕ್ಕೆ ನೂರು ರೆಕಾರ್ಡ್ ಪುಸ್ತಕಗಳಿಗೆ ಸಹಿ ಹಾಕುವ ಕೈಗೆ ಅದು ಎಷ್ಟು ಹೊತ್ತಿನ ಕೆಲಸ? ಹೇಡಿಯಾದೆ. ಕಾನೂನಿನ ಮಾತು ಕೇಳಿದೆ ಎಂದು ಹೇಳಿಕೊಂಡು ಓಡಾಡಿದೆ.

ಜೂನ್‌ನಲ್ಲಿ ನನ್ನನ್ನೇ ಮುಖ್ಯಸ್ಥೆ ಮಾಡಿದರು. ಮೇಷ್ಟ್ರು ರಾಜೀನಾಮೆ ಕೊಟ್ಟು ಮಾಕಳಿಯ ಆಚೆಗಿನ ಒಂದು ಕಾಲೇಜಿಗೆ ಸೇರಿದರು. ಎರಡು ಬಸ್ಸು ಬದಲಾಯಿಸಿ ಹೋಗುತ್ತಾರೆ ಎಂದು ಯಾರೋ ಹೇಳಿದರು. ಹೆಂಡತಿ ಮಾತಾಡಿಸುತ್ತಾರೋ ಇಲ್ಲವೋ, ಕೇಳುವ ಧೈರ್ಯ ನನಗೆ ಬರಲಿಲ್ಲ. ನನ್ನ ಅರ್ಜಿ ವಜಾ ಆಗಿ ಫೈಲು ಮುಚ್ಚಿತು. ನನ್ನ ಬಗ್ಗೆ ಬರೆದವರು ಯಾರು ಎಂದು ಇವತ್ತಿಗೂ ಗೊತ್ತಿಲ್ಲ. ಮೇಷ್ಟ್ರ ಬಗ್ಗೆ ಬರೆದವರು ಯಾರು ಎಂಬುದು ಮಾತ್ರ ಸಹಿ ಸಮೇತ ಆ ಫೈಲಿನಲ್ಲಿದೆ.