ಕಾಫಿ ಪುಡಿಯ ಹೊಸ ಕವರು

ಭಾನುವಾರ, ಬೆಳಿಗ್ಗೆ ಆರು ಗಂಟೆ. ಯುಗಾದಿಗೆ ಇನ್ನೆರಡು ದಿನ. ಸ್ಥಳ, ಮತ್ತಿಕೆರೆಯ ನಮ್ಮ ಮನೆಯ ವರಾಂಡ. ಹಾಜರಿದ್ದವರು ನಾನು, ನನ್ನ ಹೆಂಡತಿ, ಗೇಟಿನ ಆಚೆ ಪಕ್ಕದ ಮನೆಯ ನಂಜುಂಡಯ್ಯ. ಅವರ ಕೈಯಲ್ಲಿ ಬಾಯಿ ಬಿಚ್ಚಿದ ಕಾಫಿ ಪುಡಿಯ ಪೊಟ್ಟಣ.

“ಸಾರ್, ಇದು ನಮ್ಮನೆ ಕಾಫಿ ಅಲ್ಲ.”

“ಕಾಮಾಕ್ಷಮ್ಮನ ಅಂಗಡೀದೇ ತಾನೆ?”

“ಅಂಗಡಿ ಅವರ್ದೇ. ಕಾಫಿ ಯಾರ್ದೋ. ಒಂದು ಲೋಟ ಕುಡಿದೆ, ಎದೆ ಡವಡವ ಅಂತಿದೆ. ಕವರ್ ಬರೆದಿದ್ದು ನಿಮ್ಮನೆ ಹುಡುಗಿ ಅಂತಲ್ಲ, ಅದಕ್ಕೆ ಮೊದಲು ನಿಮ್ಮ ಹತ್ರ ಬಂದೆ.”

ದೂರು ಸರಿಯಾದ ಬಾಗಿಲಿಗೇ ಬಂದಿತ್ತು. ಆ ಕವರು ಹುಟ್ಟಿದ್ದು ನಮ್ಮ ಊಟದ ಮೇಜಿನ ಮೇಲೆ.

ಕಾಮಾಕ್ಷಮ್ಮ ನಮ್ಮ ಬೀದಿಯ ಕೊನೆಯಲ್ಲಿ ಕಾಫಿ ಪುಡಿ ಮಾರುತ್ತಾರೆ. ಗಂಡ ತೀರಿಕೊಂಡ ಮೇಲೂ ಒಬ್ಬರೇ ಬೀಜ ಹುರಿದು, ಪುಡಿ ಮಾಡಿ, ಅಂಗಡಿ ನಡೆಸಿದವರು. ಹೋದ ತಿಂಗಳು ಎದುರಿಗೇ ಇನ್ನೊಂದು ಕಾಫಿ ಅಂಗಡಿ ತೆರೆಯಿತು. ಒಳಗೆ ಟ್ಯೂಬ್‌ಲೈಟ್ ಉರಿಯುವ ಪ್ಲಾಸ್ಟಿಕ್ ಬೋರ್ಡು. ಫಳಫಳ ಹೊಳೆಯುವ ಮೆಷಿನ್ನು. ಅದರ ಮುಂದೆ ಇವರ ತಗಡಿನ ಬೋರ್ಡು ಯಾರಿಗೆ ಕಾಣಬೇಕು?

ಅವರ ತಮ್ಮ ಶೇಷಗಿರಿ ತುಮಕೂರಿನಿಂದ ಬಂದು ಖಡಾಖಂಡಿತವಾಗಿ ಹೇಳಿದ್ದ. “ಅಕ್ಕ, ಯುಗಾದಿ ವ್ಯಾಪಾರ ನೋಡೋಣ. ಆಗ್ಲಿಲ್ಲ ಅಂದ್ರೆ ಬಾಗಿಲು ಹಾಕು, ನನ್ ಜೊತೆ ಬಂದ್ಬಿಡು.” ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆದರೆ ಕಾಮಾಕ್ಷಮ್ಮನಿಗೆ ತಮ್ಮನ ಮನೆಯ ಒಂದು ಮೂಲೆಗಿಂತ ತಮ್ಮ ಅಂಗಡಿಯ ಮಣೆ ದೊಡ್ಡದು. ನಮ್ಮ ಮನೆಗೆ ಬಂದು ಹೇಳಿಕೊಂಡರು.

ನನ್ನ ತಮ್ಮನ ಮಗಳು ಸುಧಾ ನಮ್ಮಲ್ಲೇ ಇದ್ದು ಚಿತ್ರಕಲೆ ಓದುತ್ತಿದ್ದಾಳೆ. ಅಂಗಡಿಗೆ ಹೊಸ ಬೋರ್ಡು, ಹೊಸ ಕವರು ಬರೆಯುವ ಕೆಲಸಕ್ಕೆ ಅವಳು ಇಳಿದಳು. ಹೆಸರು ಚಿಕ್ಕದಾಯಿತು: ‘ಕಾಮಾಕ್ಷಿ ಕಾಫಿ’. ಕಂದು ಬಣ್ಣದ ಮೇಲೆ ಹಳದಿ ಲೋಟ, ಬಟ್ಟಲು, ಕಿತ್ತಳೆ ಬಣ್ಣದ ಆವಿ. ಬೋರ್ಡಿಗೂ ಅದೇ, ಕವರಿಗೂ ಅದೇ. ಯಶವಂತಪುರದ ಪ್ರೆಸ್ಸಿನವರಿಗೆ ಪ್ರೂಫ್ ಮುಟ್ಟಿಸುವುದು, ಪೇಂಟರಿಗೆ ನೆನಪು ಮಾಡುವುದು ನನ್ನ ಪಾಲು. (ಸೈರನ್ನಿಗೆ ಎದ್ದು ಸೈರನ್ನಿಗೆ ಉಂಡ ಕಾರ್ಖಾನೆಯ ಮನುಷ್ಯನಿಗೆ ಇನ್ನೇನು ಕೆಲಸ ಕೊಡುತ್ತಾರೆ?)

ಎಲ್ಲವೂ ಹೊತ್ತಿಗೆ ಸರಿಯಾಗಿ ಮುಗಿಯಿತು. ಬೋರ್ಡು ಎಷ್ಟು ಚೆನ್ನಾಗಿ ಬಂತೆಂದರೆ ಎದುರು ಅಂಗಡಿಯವರೇ ಹೊರಗೆ ಬಂದು ನೋಡಿದರು.

ಹಾಗಾದರೆ ನಂಜುಂಡಯ್ಯನವರ ಎದೆ ಏಕೆ ಹೊಡೆದುಕೊಳ್ಳಬೇಕು? ನಾನೂ ಸುಧಾಳೂ ಚಪ್ಪಲಿ ಮೆಟ್ಟಿ ಅಂಗಡಿಗೆ ನಡೆದೆವು. ನಂಜುಂಡಯ್ಯ ಪೊಟ್ಟಣ ಹಿಡಿದು ಹಿಂದೆಯೇ ಬಂದರು.

ಅಂಗಡಿಯ ಮುಂದೆ ಆಗಲೇ ಗುಂಪು. ಎಲ್ಲರ ಕೈಯಲ್ಲೂ ಅದೇ ಚೆಂದದ ಪೊಟ್ಟಣ.

ಆಗಿದ್ದು ಇಷ್ಟು. ಕಾಮಾಕ್ಷಮ್ಮನ ಅಂಗಡಿಯಲ್ಲಿ ಮನೆಗೊಂದು ಹದ. ಒಬ್ಬರಿಗೆ ಚಿಕೋರಿ ಸೋಕಬಾರದು, ಇನ್ನೊಬ್ಬರಿಗೆ ಕಾಲು ಭಾಗ ಬೇಕೇ ಬೇಕು, ಮತ್ತೊಬ್ಬರಿಗೆ ಕರ್ರಗೆ ಹುರಿದಿರಬೇಕು. ಹಬ್ಬಕ್ಕೆ ಮೊದಲೇ ಪುಡಿ ಮಾಡಿ ಕಟ್ಟಿಡುತ್ತಿದ್ದರು. ಹಳೆಯ ಖಾಕಿ ಕವರಿನ ಮೇಲೆ ನೀಲಿ ಪೆನ್ಸಿಲಿನಲ್ಲಿ ಮನೆಯವರ ಹೆಸರು ಗೀಚುತ್ತಿದ್ದರು. ಹೊಸ ಕವರಿನ ಮೇಲೆ?

“ಇಷ್ಟು ಚೆನ್ನಾಗಿ ಬರೆದಿದ್ದಾಳೆ ಹುಡುಗಿ. ಅದರ ಮೇಲೆ ಗೀಚೋಕೆ ಮನಸ್ಸು ಬರ್ಲಿಲ್ಲ ರಾಯರೇ” ಎಂದರು ಕಾಮಾಕ್ಷಮ್ಮ. “ಬೀದಿ ಪ್ರಕಾರ ಹಲಗೆ ಮೇಲೆ ಜೋಡಿಸಿಟ್ಟಿದ್ದೆ. ಯಾವುದು ಯಾರ್ದು ಅಂತ ನಂಗೊತ್ತಿತ್ತು.”

ಶನಿವಾರ ಸಂಜೆ ಅವರು ಹಿಂದುಗಡೆ ಬೀಜ ಹುರಿಯುತ್ತಿದ್ದಾಗ, ಹಬ್ಬದ ವ್ಯಾಪಾರ ನೋಡಲು ಮತ್ತೆ ಬಂದಿದ್ದ ಶೇಷಗಿರಿ ಮುಂದೆ ಕೂತಿದ್ದಾನೆ. ಚಿತ್ರ ರಸ್ತೆಗೆ ಕಾಣಲಿ ಎಂದು ಪೊಟ್ಟಣಗಳನ್ನೆಲ್ಲ ಇಳಿಸಿ, ಗೋಪುರದ ಹಾಗೆ ಪೇರಿಸಿದ್ದಾನೆ. ಕಾಫಿ ಎಂದವರಿಗೆ ಕಾಫಿ ಕೊಟ್ಟಿದ್ದಾನೆ.

“ಎಲ್ಲಾ ಒಂದೇ ಥರ ಇತ್ತು ಅಕ್ಕ.”

“ಪೊಟ್ಟಣ ಒಂದೇ ಥರ ಕಣೋ. ಕುಡಿಯೋರು ಒಂದೇ ಥರ ಏನೋ?”

ಎದುರು ಅಂಗಡಿಯ ಮೆಷಿನ್ನು ಗುರ್ರೆನ್ನುತ್ತಿತ್ತು. ದಾಟಿ ಹೋದರೆ ಹತ್ತು ಹೆಜ್ಜೆ. ಈ ಗಿರಾಕಿಗಳು ಹೋದರೆ ಕಾಮಾಕ್ಷಮ್ಮನ ಅಂಗಡಿ ಮುಗಿದ ಹಾಗೆಯೇ.

ಕಾಮಾಕ್ಷಮ್ಮ ಗುಂಪಿಗೆ ಕೈಮುಗಿದರು. “ಎಲ್ಲಾ ವಾಪಸ್ ಕೊಡಿ. ಹಬ್ಬಕ್ಕೆ ಇಟ್ಟಿರೋ ಬೀಜ ಇದೆ, ಹೊಸದಾಗಿ ಪುಡಿ ಮಾಡ್ಕೊಡ್ತೀನಿ.”

“ಹಬ್ಬದ ಬೀಜ ಇವತ್ತೇ ಮುಗಿಸಿದ್ರೆ ಹಬ್ಬಕ್ಕೇನ್ ಮಾರ್ತೀರ?” ಎಂದರು ನಂಜುಂಡಯ್ಯ. ಪೊಟ್ಟಣ ಎತ್ತಿ ಹಿಡಿದರು. “ಚಿಕೋರಿ ಇಲ್ದಿರೋದು ಯಾರ್ದ್ರೀ?”

ಮೂರನೇ ಕ್ರಾಸಿನ ಟೀಚರು ಮೂಸಿ ನೋಡಿದರು. “ನಮ್ದು. ಕೊಡಿ ಇಲ್ಲಿ. ನಿಮ್ಮದು ಇದೇ ಇರ್ಬೇಕು, ನಮ್ಮತ್ತೆ ಕುಡಿದು ಪಾಯಸ ಅಂದ್ರು.”

ಅಲ್ಲಿಂದ ಸಂತೆ ಶುರುವಾಯಿತು. ಮೂಸುವವರು, ನಾಲಿಗೆಗೆ ಇಟ್ಟು ನೋಡುವವರು, ಒಂದೇ ಪೊಟ್ಟಣಕ್ಕೆ ಜಗಳವಾಡುವವರು. ಒಬ್ಬಾಕೆ ಕೈಗೆ ಬಂದದ್ದನ್ನು ಬಿಡಲೇ ಇಲ್ಲ. “ಯಾರ್ದಾದ್ರೂ ಆಗ್ಲಿ, ಚೆನ್ನಾಗಿದೆ. ಇನ್ಮೇಲೆ ನಮಗೂ ಇದೇ.” ವರ್ಷಗಟ್ಟಲೆ ಒಂದೇ ಬೀದಿಯಲ್ಲಿದ್ದೇವೆ, ಪಕ್ಕದ ಮನೆಯ ಕಾಫಿ ಹೇಗಿರುತ್ತದೆಂದು ಅಂದು ತಿಳಿಯಿತು.

ಎದುರು ಅಂಗಡಿಗೆ ಒಬ್ಬರೂ ದಾಟಲಿಲ್ಲ. ನಾನು ನೋಡುತ್ತಲೇ ಇದ್ದೆ. ಗಿರಾಕಿ ದೇವರು ಎಂದು ಗೋಡೆಯ ಮೇಲೆ ಬರೆಸಿಕೊಳ್ಳುವ ಅಂಗಡಿಗಳುಂಟು. ಅಂದು ಆ ಗಿರಾಕಿಗಳಿಗೆ ನಾನು ಮನಸ್ಸಿನಲ್ಲೇ ನಮಸ್ಕಾರ ಹಾಕಿದೆ. ಇಲ್ಲಿ ಬಹಿರಂಗವಾಗಿಯೂ ಹಾಕುತ್ತಿದ್ದೇನೆ. ಅವರಲ್ಲಿ ಕೆಲವರಾದರೂ ಈ ಅಂಕಣ ಓದುವವರು.

ಗುಂಪು ಕರಗಿದ ಮೇಲೆ ಸುಧಾ ಮನೆಗೆ ಓಡಿ ಬಿಳಿ ಕಾಗದ, ಕತ್ತರಿ, ಮೈದಾ ಅಂಟು ತಂದಳು. ಉಳಿದ ಕವರುಗಳ ಮೇಲೆ ಅಂಗೈಯಗಲದ ಚೀಟಿ ಅಂಟಿಸತೊಡಗಿದಳು. ಎಲ್ಲಿ? ತಾನು ಅಷ್ಟು ಆಸೆಪಟ್ಟು ಬರೆದ ಕಿತ್ತಳೆ ಆವಿಯ ಮೇಲೆಯೇ.

“ಅಯ್ಯೋ, ಚಿತ್ರ ಹೋಯ್ತಲ್ಲ ಮಗು” ಎಂದರು ಕಾಮಾಕ್ಷಮ್ಮ.

“ಆವಿ ತಾನೆ ಅಜ್ಜಿ, ಹೋಗ್ಲಿ ಬಿಡಿ. ಇನ್ನೊಂದ್ಸಲ ಪ್ರಿಂಟ್ ಮಾಡಿಸೋವಾಗ ಜಾಗ ಬಿಟ್ಟೇ ಬರೀತೀನಿ.”

ನಾನು ಅಂಟು ಸವರಿದೆ. ಶೇಷಗಿರಿ ಒತ್ತಿ ಒಣಗಿಸಿದ. ಮಧ್ಯೆ ಬಂದ ಗಿರಾಕಿಗಳಿಗೆ ಮೊದಲು ಮನೆ ಹೆಸರು ಕೇಳಿ, ಆಮೇಲೆ ಪೊಟ್ಟಣಕ್ಕೆ ಕೈ ಹಾಕಿದ.

ಸಂಜೆ ಅವನು ತುಮಕೂರಿನ ರೈಲಿಗೆ ಹೊರಟ. “ಹಂಗಾದ್ರೆ ನೀನು ಬರಲ್ಲ” ಎಂದ. ಪ್ರಶ್ನೆಯ ಹಾಗಿರಲಿಲ್ಲ.

ಕಾಮಾಕ್ಷಮ್ಮ ಅರ್ಧ ಕೆಜಿ ಪುಡಿ ಕಟ್ಟಿದರು. ಕಿವಿಯ ಹಿಂದಿನಿಂದ ನೀಲಿ ಪೆನ್ಸಿಲು ತೆಗೆದು ಬಿಳಿ ಚೀಟಿಯ ಮೇಲೆ ‘ಶೇಷಗಿರಿ, ತುಮಕೂರು’ ಎಂದು ದಪ್ಪಗೆ ಬರೆದು ತಮ್ಮನ ಕೈಗಿಟ್ಟರು.

“ಮುಗಿದ ಮೇಲೆ ಬಾ. ಅಂಗಡಿ ತೆಗೆದಿರುತ್ತೆ.”